ಏಳು ವ್ಯಾಟ್ ಪೆಟ್ಟಿಗೆಗಾಗಿ ಇಪ್ಪತ್ತು ವರ್ಷ

(ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಒಂದು ಭಾನುವಾರ ಓದುಗ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ತಡವರಿಸಿದ್ದನ್ನು, ಮೈಕ್ ಕಿರುಚಿದ್ದನ್ನು ಬಿಟ್ಟಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟಿದ್ದೇನೆ. ಎಡಗಡೆಯದು 2005ರಲ್ಲಿ ಎಸ್.ಪಿ. ರೋಡಿನಲ್ಲಿ ಬಿಡಿ ಸಾಮಾನು ಕೊಂಡು ನಾನೇ ಜೋಡಿಸಿದ ಕಂಪ್ಯೂಟರ್. ಒಳಗಿರುವ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಇಂಟೆಲ್ ಕಂಪನಿಯ ಪೆಂಟಿಯಂ 4. ಇದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದಕ್ಕೆ ಸೊಂಟ ಇನ್ನೂ ಬೈಯುತ್ತಿದೆ. ಬಲಗಡೆಯದು ಟಿಫನ್ ಡಬ್ಬಿಯಷ್ಟಿದೆ. ತರಕಾರಿ ಚೀಲದಲ್ಲಿ ಹಾಕಿಕೊಂಡು ಬಂದೆ. ನಡುವೆ ಇರುವುದು ವ್ಯಾಟ್ ಮೀಟರ್. ಇದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಬೇಕು, ಕಂಪ್ಯೂಟರಿನ ಪ್ಲಗ್ಗನ್ನು ಇದಕ್ಕೆ ಚುಚ್ಚಬೇಕು. ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಹೇಳುತ್ತದೆ. ಅಷ್ಟೇ ಇದರ ಕೆಲಸ.

ಮುಂದೆ ಕೂತಿರುವ ಪುಟ್ಟಿ, ಬಾಮ್ಮ ಇಲ್ಲಿ. ನನ್ನ ಕನ್ನಡಕ ಮನೆಯಲ್ಲೇ ಉಳಿಯಿತು. ದೊಡ್ಡ ಪೆಟ್ಟಿಗೆ ಆನ್ ಆಗಿ ಐದು ನಿಮಿಷ ಆಗಿದೆ. ಒಂದು ಪ್ರೋಗ್ರಾಮೂ ತೆರೆದಿಲ್ಲ. ಎಷ್ಟಿದೆ ಓದು.

"ತೊಂಬತ್ತಾರು, ಅಂಕಲ್."

ಸುಮ್ನೆ ಕೂತಿದೆ, ಆದರೂ 96 ವ್ಯಾಟ್. ಈಗ ಚಿಕ್ಕದನ್ನು ಹಾಕೋಣ.

"ಏಳು. ಇಲ್ಲ, ಎಂಟು. ಮತ್ತೆ ಏಳು."

ಈ 96ರಿಂದ 7ಕ್ಕೆ ಇಳಿಯಲು ನಾನು ಕಾದದ್ದು ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಯಾಕೆ ಅಷ್ಟು ವರ್ಷ ಬೇಕಾಯಿತು ಅಂತ ಹೇಳೋಣ ಅಂದುಕೊಂಡು ಬಂದಿದ್ದೇನೆ. ನಾನು ಎಂಜಿನಿಯರ್ ಅಲ್ಲ. ಚಾಮರಾಜಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದವನು. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಆಗಾಗ ಒಂದು ಕವನ ಸಂಕಲನ. ಹತ್ತಡಿ ಹನ್ನೆರಡಡಿಯ ಕೋಣೆ, ಅದರಲ್ಲಿ ಇಂಥ ಮೂರು ಪೆಟ್ಟಿಗೆ, ಮೂರು ದಪ್ಪ ಮಾನಿಟರ್. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಬಂದವರು "ಏನ್ ಸಾರ್, ಬೇಕರಿ ಇಟ್ಟಿದ್ದೀರಾ?" ಅಂತ ಕೇಳುತ್ತಿದ್ದರು.

ಲೆಕ್ಕ ಹಾಕಿ. ಕೆಲಸ ಮಾಡುವಾಗ ಒಂದು ಪೆಟ್ಟಿಗೆ ಸರಾಸರಿ 120 ವ್ಯಾಟ್ ತಿಂದರೆ, ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ, 31 ಯೂನಿಟ್. ಮೂರಕ್ಕೆ 93. ಮಾನಿಟರ್, ಫ್ಯಾನು, ಲೈಟು ಬೇರೆ. ಇಷ್ಟೆಲ್ಲ ಕರೆಂಟ್ ತಿಂದು ಅವು ಮಾಡುತ್ತಿದ್ದ ಕೆಲಸ ಏನು? 'ಚಿ|| ಸೌ||' ಅಂತ ಟೈಪ್ ಮಾಡಿಸಿಕೊಳ್ಳುವುದು. ನಾನು ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವುದರೊಳಗೆ ಆ ಪ್ರೊಸೆಸರ್ ಕೋಟಿಗಟ್ಟಲೆ ಸಲ ಬಡಿದುಕೊಂಡು ಏನೂ ಮಾಡದೆ ಕೂತಿರುತ್ತಿತ್ತು.

ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟದ್ದು ಕರೆಂಟ್ ಹೋಗುವ ಸಂಜೆಗಳು. ಒಂದು ಲಗ್ನಪತ್ರಿಕೆ ಅರ್ಧ ಆಗಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಕುಯ್ಯ್ ಕುಯ್ಯ್ ಅನ್ನಲು ಶುರು ಮಾಡಿತು. ಹೊಸದರಲ್ಲಿ ಹತ್ತು ನಿಮಿಷ ಬರುತ್ತಿದ್ದ ಬ್ಯಾಟರಿ ಆ ಹೊತ್ತಿಗೆ ಸೊರಗಿತ್ತು. ಸೇವ್ ಮಾಡುವಷ್ಟರಲ್ಲಿ ಸತ್ತೇ ಹೋಯಿತು. ರಾತ್ರಿ ಗಡಿಬಿಡಿಯಲ್ಲಿ ಮತ್ತೆ ಟೈಪ್ ಮಾಡುವಾಗ ಶುಕ್ರವಾರದ ಮುಹೂರ್ತ ಶನಿವಾರ ಆಯಿತು. ಪ್ರೂಫ್ ನೋಡಿದವರೂ ತಾರೀಖು ನೋಡಿದರೇ ಹೊರತು ವಾರ ನೋಡಲಿಲ್ಲ. ಐನೂರು ಪತ್ರಿಕೆ ಅಚ್ಚಾಯಿತು. ಆಮೇಲೆ ನಾನು, ನನ್ನ ಹೆಂಡತಿ, ಮಗ ಮೂರೂ ಜನ ನೆಲದ ಮೇಲೆ ಕೂತು 'ಶುಕ್ರವಾರ' ಅನ್ನುವ ಐನೂರು ಚೂರು ಕತ್ತರಿಸಿ ಅಂಟಿಸಿದೆವು. ಹುಡುಗಿಯ ತಂದೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ಅಂಟಿನ ಬೆರಳು ಒರೆಸಿಕೊಳ್ಳುತ್ತಾ ಅಂದುಕೊಂಡೆ: ಕಡಿಮೆ ಕರೆಂಟಿನಲ್ಲಿ ಓಡುವ ಕಂಪ್ಯೂಟರ್ ಯಾಕೆ ಯಾರೂ ಮಾಡುತ್ತಿಲ್ಲ?

ಮಾಡಿದ್ದರು. ಅದೂ ನಾನು ಕೇಳಿಕೊಳ್ಳುವುದಕ್ಕೆ ಇಪ್ಪತ್ತು ವರ್ಷ ಮೊದಲೇ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಏಕಾರ್ನ್ ಅನ್ನುವ ಚಿಕ್ಕ ಕಂಪನಿ ಇತ್ತು. ಅಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಅನ್ನುವವರು ಒಂದು ಪ್ರೊಸೆಸರ್ ರೂಪಿಸಿದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ ಕೈಗೆ ಬಂತು. ಬೋರ್ಡಿಗೆ ಹಾಕಿದರು, ಓಡಿತು. ಎಷ್ಟು ಕರೆಂಟ್ ತಿನ್ನುತ್ತಿದೆ ನೋಡೋಣ ಅಂತ ಮೀಟರ್ ಹಚ್ಚಿದರೆ ಸೊನ್ನೆ! ಮೀಟರ್ ಕೆಟ್ಟಿರಲಿಲ್ಲ. ಬೋರ್ಡಿನ ತಪ್ಪಿನಿಂದ ಚಿಪ್ಪಿಗೆ ಕರೆಂಟಿನ ವೈರೇ ಮುಟ್ಟಿರಲಿಲ್ಲ. ಅಕ್ಕಪಕ್ಕದ ಚಿಪ್ಪುಗಳು ಕಳಿಸುವ ಸಂಕೇತಗಳಿಂದ ಸೋರಿ ಬಂದ ಚೂರುಪಾರು ಕರೆಂಟಿನಲ್ಲೇ ಅದು ಓಡುತ್ತಿತ್ತು. ಅದೇ ಆರ್ಮ್. ಈಗ ನಿಮ್ಮೆಲ್ಲರ ಜೇಬಿನಲ್ಲಿರುವ ಫೋನಿನ ಪ್ರೊಸೆಸರ್ ಅದರ ಮರಿಮಗ.

ಇದರಲ್ಲಿ ನನಗೆ ಇಷ್ಟವಾದ ಮಾತು ಇನ್ನೊಂದಿದೆ. ಅವರು ಬ್ಯಾಟರಿ ಉಳಿಸಲು ಹೊರಟವರೇ ಅಲ್ಲ. ಚಿಪ್ ಬಿಸಿಯಾದರೆ ಸೆರಾಮಿಕ್ ಕವಚ ಬೇಕು, ಅದು ದುಬಾರಿ. ಒಂದು ವ್ಯಾಟ್‌ಗಿಂತ ಕೆಳಗಿದ್ದರೆ ಅಗ್ಗದ ಪ್ಲಾಸ್ಟಿಕ್ ಸಾಕು. ದುಡ್ಡು ಉಳಿಸಲು ಹೋಗಿ ಕರೆಂಟ್ ಉಳಿಸಿದರು. ನಮ್ಮ ಮನೆಗಳಲ್ಲಿ ಅಜ್ಜಿಯರು ಮಾಡುತ್ತಿದ್ದದ್ದೂ ಹೀಗೇ ಅಲ್ವಾ?

ಹಾಗಾದರೆ ನನ್ನ ಅಂಗಡಿಯಲ್ಲಿ ಈ ಒಲೆ ಯಾಕಿತ್ತು? ಚಿಪ್ಪಿನೊಳಗೆ ಕೋಟಿಗಟ್ಟಲೆ ಪುಟ್ಟ ಸ್ವಿಚ್ಚುಗಳಿರುತ್ತವೆ. ಒಂದೊಂದು ಸಲ ಆನ್ ಆಫ್ ಆದಾಗಲೂ ಒಂಚೂರು ಕರೆಂಟ್ ಹೋಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಅನ್ನುವುದು ಒಂದು ಲೆಕ್ಕ, ಎಷ್ಟು ವೋಲ್ಟ್ ಅನ್ನುವುದು ಇನ್ನೊಂದು. ವೋಲ್ಟ್ ಅರ್ಧ ಮಾಡಿದರೆ ಖರ್ಚು ಅರ್ಧ ಅಲ್ಲ, ಕಾಲು ಭಾಗ ಆಗುತ್ತದೆ. ಸ್ವಿಚ್ ಚಿಕ್ಕದು ಮಾಡುತ್ತಾ ಹೋದರೆ ವೋಲ್ಟನ್ನೂ ಇಳಿಸಬಹುದು, ವೇಗವನ್ನೂ ಏರಿಸಬಹುದು, ಬಿಸಿ ಜಾಸ್ತಿ ಆಗುವುದಿಲ್ಲ ಅಂತ 1974ರಲ್ಲಿ ರಾಬರ್ಟ್ ಡೆನಾರ್ಡ್ ಮತ್ತು ಜೊತೆಯವರು ಬರೆದರು. ಮೂವತ್ತು ವರ್ಷ ಆ ಮಾತು ನಡೆಯಿತು. ಆಮೇಲೆ ಸ್ವಿಚ್ಚುಗಳು ಎಷ್ಟು ತೆಳ್ಳಗಾದವು ಅಂದರೆ ಆಫ್ ಮಾಡಿದರೂ ಸೋರತೊಡಗಿದವು. ವಾಷರ್ ಸವೆದ ನಲ್ಲಿ ಇದ್ದ ಹಾಗೆ. ಒಂದು ನಲ್ಲಿ ತೊಟ್ಟಿಕ್ಕಿದರೆ ಪರವಾಗಿಲ್ಲ, ಹತ್ತು ಕೋಟಿ ನಲ್ಲಿ ತೊಟ್ಟಿಕ್ಕಿದರೆ?

ಇಂಟೆಲ್ ಈ ಗೋಡೆಗೆ ತಲೆ ಚಚ್ಚಿಕೊಂಡದ್ದು 2004ರಲ್ಲಿ. ಆ ವರ್ಷ ಬಂದ ಪೆಂಟಿಯಂ 4ರಲ್ಲಿ ಕೆಲವು ನೂರು ವ್ಯಾಟ್ ದಾಟಿದವು. ಅದರ ಮುಂದಿನ ಚಿಪ್ಪಿಗೆ ಒಳಗಿನ ಹೆಸರು 'ತೇಜಸ್' ಅಂತ ಇಟ್ಟಿದ್ದರು. ನಮ್ಮ ಕಡೆಯ ಯಾರನ್ನಾದರೂ ಕೇಳಿದ್ದರೆ ಹೆಸರಿನಲ್ಲೇ ಕಾವಿದೆ ಸ್ವಾಮಿ ಅಂದಿರುತ್ತಿದ್ದರು. 2004ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟರು. ವೇಗದ ಓಟ ಅಲ್ಲಿಗೆ ನಿಂತಿತು. ನಾನು ಈ ಪೆಟ್ಟಿಗೆ ಜೋಡಿಸಿದ್ದು ಅದರ ಮರುವರ್ಷ. ಅಂಗಡಿಯವನು ಹಳೇ ಸ್ಟಾಕ್ ಅಂತ ಇನ್ನೂರು ರೂಪಾಯಿ ಕಮ್ಮಿ ಮಾಡಿದ. ಕಾಸಿಗೆ ತಕ್ಕ ಕಜ್ಜಾಯ.

ಅದೇ 2004ರಲ್ಲಿ ನಮ್ಮ ಊರಿನಲ್ಲೇ ಇನ್ನೊಂದು ಕತೆ ನಡೆದಿತ್ತು. ಸಿಂಪ್ಯೂಟರ್ ನೆನಪಿದೆಯಾ? ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಮೇಷ್ಟ್ರುಗಳು ಮತ್ತು ಬೆಂಗಳೂರಿನ ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್. ಆರ್ಮ್ ಜಾತಿಯ ಪ್ರೊಸೆಸರ್, ಒಳಗೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್. ಓದು ಬರಹ ಬಾರದವರಿಗೆ ಪಠ್ಯವನ್ನು ಅವರ ಭಾಷೆಯಲ್ಲೇ ಓದಿ ಹೇಳಬೇಕು, ಒಂದು ಹಳ್ಳಿಗೆ ಒಂದಾದರೂ ಇರಬೇಕು ಅನ್ನುವುದು ಅವರ ಆಸೆ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಅನ್ನುವ ಮಾದರಿ ಮಾರಾಟಕ್ಕೆ ಬಂತು. ಬೆಲೆ ಸುಮಾರು ಹತ್ತು ಸಾವಿರದಿಂದ ಶುರು. ನಾನು ಒಂದು ಪ್ರದರ್ಶನದಲ್ಲಿ ಕೈಯಲ್ಲಿ ಹಿಡಿದು ನೋಡಿದೆ. ಕೈ ಬೆಚ್ಚಗೂ ಆಗಲಿಲ್ಲ. ಇದಕ್ಕೆ ಒಂದು ಕೀಬೋರ್ಡು, ದೊಡ್ಡ ಪರದೆ ಸಿಕ್ಕಿಸಿದರೆ ನನ್ನ ಅಂಗಡಿ ನಡೆಯುತ್ತದಲ್ಲ ಅಂತ ಅಲ್ಲಿದ್ದ ಹುಡುಗನನ್ನು ಕೇಳಿದೆ. ಅವನು ನಕ್ಕು "ಅದಕ್ಕಲ್ಲ ಸಾರ್ ಇದು" ಅಂದ. ಸಿಂಪ್ಯೂಟರ್ ಹೆಚ್ಚು ಮಾರಾಟ ಆಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾಗುತ್ತಾ ಬಂದವು. ಸೋತಿತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅವರು ಸರಿಯಾದ ಬಾಗಿಲನ್ನೇ ತಟ್ಟಿದ್ದರು, ಹೊತ್ತು ಮಾತ್ರ ಸರಿಯಿರಲಿಲ್ಲ ಅನಿಸುತ್ತದೆ.

2008ಕ್ಕೆ ಬರೋಣ. ಇಂಟೆಲ್ ಆಟಮ್ ಬಂತು. ಮೇಜಿನ ಕಂಪ್ಯೂಟರಿಗೆ ಮಾಡಿದ ಆಟಮ್ 230 ಬರೀ 4 ವ್ಯಾಟ್ ಅಂತ ಓದಿ ನಾನು ಕುಣಿದೆ. ಎಸ್.ಪಿ. ರೋಡಿಗೆ ಓಡಿದೆ. ಆ ರಸ್ತೆ ಗೊತ್ತಲ್ಲ, ಎಡಕ್ಕೆ ಕೇಬಲ್ಲಿನ ರಾಶಿ, ಬಲಕ್ಕೆ ಕ್ಯಾಬಿನೆಟ್ಟುಗಳ ಗೋಪುರ, ನಡುವೆ ಗಾಡಿ ತಳ್ಳಿಕೊಂಡು ಬರುವವರು. ಮೂರನೇ ಅಂಗಡಿಯಲ್ಲಿ ಸಿಕ್ಕಿತು.

"ಫ್ಯಾನ್ ಇಲ್ಲದ ಬೋರ್ಡ್ ತಾನೆ ಇದು?" ಅಂದೆ.

"ಫ್ಯಾನ್ ಇದೆ ಸಾರ್."

"ಪ್ರೊಸೆಸರ್ ಮೇಲೆ ಯಾಕಪ್ಪ ಫ್ಯಾನು, ನಾಲ್ಕೇ ವ್ಯಾಟ್ ಅಲ್ವಾ?"

"ಅದು ಪ್ರೊಸೆಸರ್ ಮೇಲಿಲ್ಲ ಸಾರ್. ಪಕ್ಕದ ಚಿಪ್ ಮೇಲಿದೆ."

ಬೋರ್ಡನ್ನು ತಿರುಗಿಸಿ ನೋಡಿದೆ. ಅವನು ಹೇಳಿದ್ದು ನಿಜ. ಆಟಮ್ ಮೇಲೆ ಪುಟ್ಟ ಅಲ್ಯೂಮಿನಿಯಂ ತುಂಡು ಕೂತಿತ್ತು. ಅದರ ಪಕ್ಕ ಮೆಮೊರಿ, ಪರದೆ ಎಲ್ಲ ನೋಡಿಕೊಳ್ಳುವ ಚಿಪ್‌ಸೆಟ್, ಅದರ ಮೇಲೆ ಗರಗರ ತಿರುಗುವ ಫ್ಯಾನು. ಆ ಚಿಪ್‌ಸೆಟ್ ಹಳೆಯ ತಲೆಮಾರಿನದು, ಒಂದೇ 22 ವ್ಯಾಟ್. ಯಜಮಾನನಿಗೆ ನಾಲ್ಕು ಇಡ್ಲಿ, ಕೆಲಸದವನಿಗೆ ಇಪ್ಪತ್ತೆರಡು! ವಾಪಸ್ ಕೊಟ್ಟು ಬಂದೆ. ಪ್ರೊಸೆಸರ್ ಅಂತ ಕಾಯುತ್ತಾ ಕೂತರೆ ಆಗುವುದಿಲ್ಲ, ಸುತ್ತ ಇರುವ ಸಂಸಾರ ಪೂರ್ತಿ ಸಣ್ಣಗಾಗಬೇಕು ಅನ್ನುವುದು ಅವತ್ತು ತಲೆಗೆ ಹೋಯಿತು.

ಆಮೇಲೆ ರಾಸ್ಪ್‌ಬೆರಿ ಪೈ. 2012ರ ಫೆಬ್ರುವರಿ 29. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ ನೋಡಿ ಬಿಟ್ಟರು. 35 ಡಾಲರಿಗೆ ಇಡೀ ಕಂಪ್ಯೂಟರ್, ಇಸ್ಪೀಟ್ ಎಲೆಯಷ್ಟು ಅಗಲ. ಆರ್ಮ್ ಪ್ರೊಸೆಸರ್, 700 ಮೆಗಾಹರ್ಟ್ಸ್, 256 ಎಂಬಿ ಮೆಮೊರಿ. ನನ್ನ ಕೈಗೆ ಬರುವ ಹೊತ್ತಿಗೆ ಮೂರು ಸಾವಿರದ ಹತ್ತಿರ ಆಯಿತು. ಅದಕ್ಕೆ ಕಾರ್ಡು, ಅಡಾಪ್ಟರು, ಕೇಬಲ್ಲು, ಡಬ್ಬಿ ಅಂತ ಇನ್ನೊಂದಷ್ಟು. ಆದರೂ ಬೇಸರವಿಲ್ಲ. ಮೀಟರಿಗೆ ಹಾಕಿದರೆ ಎರಡು, ಮೂರು ವ್ಯಾಟ್. ಸದ್ದಿಲ್ಲ. ಅಗ್ಗವೂ ಆಯಿತು, ಕರೆಂಟೂ ಕಮ್ಮಿ ಆಯಿತು. ಕಾಯುವುದು ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ಕನ್ನಡದ ಅಂಗಡಿಗಳಿಗೇ ಸೇರಿದ ಕಷ್ಟ. ನನ್ನ ಹತ್ತು ವರ್ಷದ ಕೆಲಸ ಎಲ್ಲ ಇದ್ದದ್ದು ನುಡಿ ಅನ್ನುವ ಕನ್ನಡ ತಂತ್ರಾಂಶದ ಫಾಂಟಿನಲ್ಲಿ. ಡಿಟಿಪಿ ಮಾಡಿದವರಿಗೆ ಗೊತ್ತು, ಆ ಕಾಲದ ಕಡತದಲ್ಲಿ ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಗೀಚು. ನುಡಿ ಓಡುವುದು ವಿಂಡೋಸಿನಲ್ಲಿ. ಪುಟ ಕಟ್ಟುವ ಸಾಫ್ಟ್‌ವೇರ್ ಓಡುವುದೂ ವಿಂಡೋಸಿನಲ್ಲಿ. ಆ ವಿಂಡೋಸ್ ಪೈ ಮೇಲೆ ಹತ್ತುವುದಿಲ್ಲ. ಪೈಯಲ್ಲಿ ಲಿನಕ್ಸ್ ಹಾಕಿ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಕನ್ನಡ, ಟೈಪ್ ಮಾಡಬಹುದಿತ್ತು, ಒತ್ತಕ್ಷರವೂ ಚೆನ್ನಾಗೇ ಮೂಡುತ್ತಿತ್ತು. ಆದರೆ "ಹೋದ ವರ್ಷದ ಪತ್ರಿಕೆಯಲ್ಲಿ ಹೆಸರೊಂದು ಬದಲಾಯಿಸಿ ಕೊಡಿ" ಅಂತ ಗಿರಾಕಿ ಬಂದರೆ ಏನು ಮಾಡಲಿ? ಪರಿವರ್ತಕಗಳು ಇದ್ದವು, ಇಲ್ಲ ಅನ್ನಲ್ಲ. ಹಾಕಿ ನೋಡಿದೆ. ಅರ್ಕಾವತ್ತು ಇರುವ ಕಡೆ ಎಡವಟ್ಟು ಮಾಡಿದವು. ಶರ್ಮಾ ಅವರ ಮನೆಯ ಪತ್ರಿಕೆ ಹಾಗೆ ಹೋದರೆ ಶರ್ಮಾ ಅವರು ಬಿಡುತ್ತಾರಾ?

ಹೀಗೆ ಮೂರು ವ್ಯಾಟಿನ ಕಂಪ್ಯೂಟರ್ ಕಪಾಟಿನ ಮೇಲೆ ಕೂತು ಮಗನಿಗೆ ಆಟದ ಸಾಮಾನಾಯಿತು. ನಾನು ಮತ್ತೆ ಒಲೆಯ ಮುಂದೆ.

"ಫೋನ್ ಇತ್ತಲ್ಲ ಸಾರ್, ಅದೇ ಅಗ್ಗದ ಕಂಪ್ಯೂಟರ್ ಅಲ್ವಾ?" ಅಂತ ಹಿಂದಿನಿಂದ ಯಾರೋ ಕೇಳಿದಿರಿ. ಸರಿಯಾದ ಮಾತು. ನಾವು ಕಾದ ಚಿಪ್ ಬಂದದ್ದು ಮೇಜಿಗಲ್ಲ, ಜೇಬಿಗೆ. ಈಗ ಹತ್ತು ಸಾವಿರದ ಫೋನಿನಲ್ಲಿ ನನ್ನ ಪೆಂಟಿಯಂ 4ಕ್ಕಿಂತ ಎಷ್ಟೋ ಪಾಲು ಬಲವಿದೆ. ಆದರೆ ಆ ಬಲವನ್ನು ನೀವು ಬೇಕಾದ ಕೆಲಸಕ್ಕೆ ಹಚ್ಚಲು ಬಿಡುವುದಿಲ್ಲ. ಪಿಸಿ ಲೋಕದಲ್ಲಿ 1981ರ ಐಬಿಎಂ ಪಿಸಿಯಿಂದ ಒಂದು ರೂಢಿ ಬೆಳೆದು ಬಂದಿದೆ. ಯಾವ ಕಂಪನಿಯ ಪೆಟ್ಟಿಗೆಯೇ ಆಗಲಿ, ಆನ್ ಮಾಡಿದರೆ ಒಂದೇ ಥರ ಎದ್ದೇಳುತ್ತದೆ. ಒಂದೇ ಸಿಡಿಯಿಂದ ಊರಿನ ಎಲ್ಲ ಪೆಟ್ಟಿಗೆಗೂ ವಿಂಡೋಸೋ ಲಿನಕ್ಸೋ ಹಾಕಬಹುದು. ಫೋನಿನ ಚಿಪ್ಪುಗಳಲ್ಲಿ ಆ ರೂಢಿ ಬೆಳೆಯಲಿಲ್ಲ. ಒಂದೊಂದು ಮಾದರಿಗೂ ಬೇರೆ ಬೇರೆ ಕೀಲಿ, ಆ ಕೀಲಿಕೈ ತಯಾರಿಸಿದವರ ಹತ್ತಿರ. ಮೂರು ವರ್ಷ ಆದ ಮೇಲೆ ಅಪ್‌ಡೇಟ್ ನಿಲ್ಲಿಸಿದರೆ ಚಿಪ್ ಗಟ್ಟಿಮುಟ್ಟಾಗಿದ್ದರೂ ಫೋನ್ ಡ್ರಾಯರಿಗೆ. ನಮ್ಮ ಮನೆಯ ಡ್ರಾಯರಿನಲ್ಲಿ ಐದು ಇವೆ. ನಿಮ್ಮ ಮನೆಯಲ್ಲಿ?

ಆಪಲ್‌ನವರು 2020ರ ನವೆಂಬರಿನಲ್ಲಿ ಎಂ1 ಅನ್ನುವ ಚಿಪ್ ಬಿಟ್ಟರು. ಆರ್ಮ್ ಜಾತಿ, ಅದನ್ನು ಹಾಕಿದ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪಿನಲ್ಲಿ ಫ್ಯಾನೇ ಇಲ್ಲ, ಕೆಲಸ ಭರ್ಜರಿ. ಆಗ ನಮ್ಮಲ್ಲಿ ಅದರ ಬೆಲೆ 92,900 ರೂಪಾಯಿ. ಮುಂದಕ್ಕೆ ಹೋಗೋಣ.

ನಡುವೆ 2021ರಿಂದ ಎರಡು ವರ್ಷ ಚಿಪ್ಪಿನ ಬರ ಬಂತು. ಹೊಸ ಪೈ ತಗೊಂಡು ಇನ್ನೊಂದು ಸಲ ಪ್ರಯತ್ನ ಮಾಡೋಣ ಅಂತ ಹೊರಟರೆ ಒಬ್ಬ ವ್ಯಾಪಾರಿ ದುಡ್ಡು ಕಟ್ಟಿಸಿಕೊಂಡು ಐದು ತಿಂಗಳು "ಮುಂದಿನ ವಾರ ಸಾರ್" ಅಂದ. ಕೊನೆಗೆ ದುಡ್ಡು ವಾಪಸ್ ಬಂತು, ಪೈ ಬರಲಿಲ್ಲ.

2023ರ ಶುರುವಿನಲ್ಲಿ ಇಂಟೆಲ್ ಎನ್ 100 ಅನ್ನುವ ಚಿಪ್ ಬಂತು. ಹೆಚ್ಚು ಸದ್ದು ಮಾಡಲಿಲ್ಲ, ಯಾವ ಜಾಹೀರಾತಿನಲ್ಲೂ ನಾನು ನೋಡಲಿಲ್ಲ. ಒಂದೇ ಚಿಪ್ಪಿನೊಳಗೆ ಕೆಲಸ ಹಂಚಿಕೊಳ್ಳುವ ನಾಲ್ಕು ಸಣ್ಣ ಕೋರ್, 6 ವ್ಯಾಟ್. ಹಳೇ ಚಿಪ್‌ಸೆಟ್ಟಿನ ಕೆಲಸವೂ ಪ್ರೊಸೆಸರಿನ ಜೊತೆಗೇ ಸೇರಿಹೋಗಿದೆ, ಪಕ್ಕದಲ್ಲಿ ಕೂತು ಇಪ್ಪತ್ತೆರಡು ತಿನ್ನುವವನು ಇಲ್ಲ. ಎಲ್ಲಕ್ಕಿಂತ ಮುಖ್ಯ, ಇದು ಪಿಸಿ ಜಾತಿಯದೇ. ನುಡಿ ಓಡುತ್ತದೆ, ಹತ್ತೊಂಬತ್ತು ವರ್ಷ ಹಿಂದಿನ ಲಗ್ನಪತ್ರಿಕೆ ತೆರೆಯುತ್ತದೆ. ಆ ಬಲಗಡೆಯ ಡಬ್ಬಿಯಲ್ಲಿ ಇರುವುದು ಅದೇ. ಒಂದು ಮಾತು ನೆನಪಿಡಿ, ಆ 6 ವ್ಯಾಟ್ ಅನ್ನುವುದು ಪ್ರೊಸೆಸರಿನ ಸಮಾಧಾನದ ಲೆಕ್ಕ. ಆನ್ ಆಗುವಾಗ, ದೊಡ್ಡ ಚಿತ್ರ ತೆರೆಯುವಾಗ ಈ ಮೀಟರಿನಲ್ಲಿ ಇಪ್ಪತ್ತು ದಾಟಿದ್ದನ್ನೂ ನೋಡಿದ್ದೇನೆ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ, ಮೀಟರ್ ತಗೊಳ್ಳಿ. ಅಂದ ಹಾಗೆ, ಈಗ ಅದೇ ಹಳೇ ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿದರೆ ಈ ಡಬ್ಬಿ ಮತ್ತು ಎಲ್‌ಇಡಿ ಮಾನಿಟರ್ ಒಂದು ಗಂಟೆಯ ಹತ್ತಿರ ಓಡುತ್ತವೆ. ಐನೂರು ಶುಕ್ರವಾರ ಕತ್ತರಿಸುವ ಕೆಲಸ ಇಲ್ಲ.

ಕೆಲಸ ಇಲ್ಲ ಅಂದದ್ದು ಎರಡೂ ಅರ್ಥದಲ್ಲಿ ನಿಜ. ಈಗ ಲಗ್ನಪತ್ರಿಕೆ ಎಲ್ಲ ವಾಟ್ಸಾಪಿನಲ್ಲಿ. ಅಂಗಡಿ ಮುಚ್ಚಿ ಎರಡು ವರ್ಷ ಆಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ.

"ನಮ್ಮ ದೇಶದ ಚಿಪ್ ಬರುತ್ತೆ ಅಂತಾರಲ್ಲ, ಅದಕ್ಕೆ ಕಾಯೋದಾ?" ಒಳ್ಳೇ ಪ್ರಶ್ನೆ ಮೇಡಂ. ಐಐಟಿ ಮದ್ರಾಸಿನವರು ಶಕ್ತಿ ಅಂತ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರು ವೇಗ ಅಂತ ಪ್ರೊಸೆಸರ್ ರೂಪಿಸಿದ್ದಾರೆ. ಎರಡೂ ರಿಸ್ಕ್-ಫೈವ್ ಮೇಲೆ, ಅಂದರೆ ಪ್ರೊಸೆಸರ್ ಯಾವ ಯಾವ ಆದೇಶ ಪಾಲಿಸಬೇಕು ಅನ್ನುವ ಒಂದು ನಿಯಮಾವಳಿಯ ಮೇಲೆ, ನಿಂತಿವೆ. ಅದು 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ನನಗೆ ಖುಷಿ ಇದೆ. ಆದರೆ ನುಡಿ ಅದರ ಮೇಲೂ ಓಡಬೇಕಲ್ಲ, ಬ್ಯಾಂಕಿನ ವೆಬ್‌ಸೈಟ್ ತೆರೆಯಬೇಕಲ್ಲ. ಅದಕ್ಕೆ ಚಿಪ್ಪಿಗಿಂತ ಜಾಸ್ತಿ ವರ್ಷ ಬೇಕು. ಚಿಪ್ ರೂಪಿಸುವುದು ನಮ್ಮ ಊರಿಗೆ ಹೊಸದೇನಲ್ಲ. 1985ರಲ್ಲೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂತು. 2008ರಲ್ಲಿ ಬಂದ ಇಂಟೆಲ್‌ನ ಆರು ಕೋರಿನ ಸರ್ವರ್ ಚಿಪ್ ಬಹುಪಾಲು ಬೆಂಗಳೂರಿನಲ್ಲೇ ರೂಪುಗೊಂಡದ್ದು. ಅದಕ್ಕೂ ಮೊದಲು ವೈಟ್‌ಫೀಲ್ಡ್ ಅಂತಲೇ ಹೆಸರಿಟ್ಟ ಒಂದು ಚಿಪ್ ಇಲ್ಲಿ ತಯಾರಾಗುತ್ತಿತ್ತು, 2005ರಲ್ಲಿ ಕೈಬಿಟ್ಟರು. ವೈಟ್‌ಫೀಲ್ಡಿಗೆ ಮೆಟ್ರೋ ಆದರೂ 2023ರಲ್ಲಿ ಬಂತು, ಆ ಚಿಪ್ ಬರಲೇ ಇಲ್ಲ.

ಕೊನೆಯ ಪ್ರಶ್ನೆ, ಮಗಳ ಓದಿಗೆ ಈಗ ಏನು ತಗೊಳ್ಳಲಿ ಅಂತ. ಮನೆಯಲ್ಲಿ ಹಳೇ ಕಂಪ್ಯೂಟರ್ ಇದೆಯಾ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು ಅಂತ ಅದನ್ನು ಗುಜರಿಗೆ ಹಾಕಬೇಡಿ. ಹತ್ತು ವರ್ಷದೊಳಗಿನದಾದರೆ ಹಳೇ ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಹಾಕಿ ನೋಡಿ. ಇಲ್ಲವಾದರೆ ಇಂಥ ಡಬ್ಬಿ. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿದೆ, ಹಾಗಂತ ಇಳಿಯಲಿ ಅಂತ ಕಾಯಬೇಡಿ. ಮಗಳು ಈ ವರ್ಷ ಎಂಟನೇ ಕ್ಲಾಸು ಅಂದಿರಿ. ಮುಂದಿನ ವರ್ಷ ಒಂಬತ್ತನೇದು.

ಸರಿ, ಕಾಫಿ ಬಂದಿದೆ. ಪುಟ್ಟಿ, ದೊಡ್ಡ ಪೆಟ್ಟಿಗೆಯನ್ನು ಮತ್ತೆ ಮೀಟರಿಗೆ ಹಾಕಿದ್ದೇನೆ. ಆದರೆ ಆನ್ ಮಾಡಿಲ್ಲ, ನೋಡು, ಲೈಟು ಉರಿಯುತ್ತಿಲ್ಲ, ಫ್ಯಾನ್ ತಿರುಗುತ್ತಿಲ್ಲ. ಮೀಟರ್ ಏನನ್ನುತ್ತದೆ?

"ನಾಲ್ಕು."

ಆಫ್ ಆಗಿದೆಯಮ್ಮ.

"ಗೊತ್ತು ಅಂಕಲ್. ಆದ್ರೂ ನಾಲ್ಕು."

ಬಗ್ಗಿ ಪ್ಲಗ್ ಕಿತ್ತೆ.